ಬೆಳ್ಳಿಯೋ, ಸಿಮೆಂಟೋ, ಬಿಳಿಯದೋ? ಹಲ್ಲು ತುಂಬಿಸುವ ಮುನ್ನ ಒಂದಿಷ್ಟು ಲೆಕ್ಕ

ಹಲ್ಲು ನೋಯುವವರೆಗೆ ಹಲ್ಲಿನ ನೆನಪಾಗದಿರುವುದು ಮನುಷ್ಯ ಸಹಜ ಗುಣ. ನೋವು ಬಂದ ರಾತ್ರಿ ಲವಂಗದೆಣ್ಣೆ, ಬೆಳಿಗ್ಗೆ ಮೆಡಿಕಲ್ ಅಂಗಡಿಯಿಂದ ಒಂದು ಮಾತ್ರೆ. ಮೂರನೇ ದಿನ ನೋವು ಇಳಿಯಿತೆಂದರೆ ವಿಷಯವೇ ಮರೆತುಹೋಗುತ್ತದೆ. ಕೊನೆಗೊಮ್ಮೆ ದಂತವೈದ್ಯರ ಕುರ್ಚಿಯಲ್ಲಿ ಕುಳಿತಾಗ 'ಯಾವುದು ತುಂಬಿಸಲಿ?' ಎಂದು ವೈದ್ಯರು ಕೇಳುತ್ತಾರೆ. ಬಾಯಿ ತೆರೆದು ಕುಳಿತವರಿಂದ ಬರುವ ಉತ್ತರ ಬಹುತೇಕ ಎರಡೇ: 'ಕಡಿಮೆಯದ್ದು ಯಾವುದು?' ಇಲ್ಲವೇ 'ಎದ್ದು ಕಾಣದಂಥದ್ದು ಹಾಕಿ.' ಒಂದು ಹಲ್ಲಿನ ಆಯುಷ್ಯವನ್ನು ನಿರ್ಧರಿಸುವ ತೀರ್ಮಾನ ಹೀಗೆ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಒಂದು ಮಿಕ್ಸರ್ ಕೊಳ್ಳಲು ನಾಲ್ಕು ಅಂಗಡಿ ಸುತ್ತುವ ಗೃಹಸ್ಥರೂ ಇದಕ್ಕೆ ಹೊರತಲ್ಲ.

ಗೋದಾವರಿ ತೀರದ ನಾಸಿಕ್‌ಗೂ 2023ರಲ್ಲಿ ಛತ್ರಪತಿ ಸಂಭಾಜಿನಗರ ಎಂದು ಅಧಿಕೃತವಾಗಿ ಹೆಸರು ಬದಲಾದ ಔರಂಗಾಬಾದ್‌ಗೂ ಕನ್ನಡಿಗರ ನಂಟು ಹಳೆಯದು. ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳಿದ್ದು ಇದೇ ಗೋದಾವರಿಯನ್ನು. ವೆರೂಳಿನ (ಎಲ್ಲೋರ) ಕೈಲಾಸ ದೇಗುಲ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ಆ ಹಿರಿಮೆ ಹಾಗಿರಲಿ. ಈಚಿನ ದಶಕಗಳಲ್ಲಿ ಓಝರ್‌ನ ಎಚ್‌ಎಎಲ್, ಸಾತಪುರದ ಮೈಕೋ (2008ರಿಂದ ಬಾಷ್), ವಾಳೂಜ್ ಮತ್ತು ಚಿಕಲಠಾಣಾ ಕೈಗಾರಿಕಾ ವಸಾಹತುಗಳು, ಬ್ಯಾಂಕುಗಳು, ಉಡುಪಿ ಹೋಟೆಲುಗಳು ಕನ್ನಡಿಗ ಕುಟುಂಬಗಳನ್ನು ಈ ಎರಡೂ ನಗರಗಳಿಗೆ ಕರೆತಂದಿವೆ. ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಮಧುಮೇಹ, ಕಣ್ಣಿನ ಜೊತೆಗೆ ಹಲ್ಲಿನ ತಪಾಸಣೆಯೂ ಇರುತ್ತದೆ. ತಪಾಸಣೆ ಮುಗಿದ ನಂತರದ ಮಾತು ಮಾತ್ರ ಯಾರೂ ಆಡುವುದಿಲ್ಲ.

ಈಗ ಆ ಮಾತು ಆಡಲೇಬೇಕಾದ ಸಂದರ್ಭ ಬಂದಿದೆ. ಬೆಳ್ಳಿ ತುಂಬಿಸುವ ಕಾಲ ಮುಗಿಯುತ್ತ ಬಂದಿದೆ. 2025ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿದ ಮಿನಮಾಟಾ ಒಪ್ಪಂದದ ಸದಸ್ಯ ರಾಷ್ಟ್ರಗಳು ಪಾದರಸ ಬೆರೆತ ಹಲ್ಲಿನ ತುಂಬುವಿಕೆಯನ್ನು 2034ರ ವೇಳೆಗೆ ಕೊನೆಗಾಣಿಸಲು ಒಪ್ಪಿವೆ. ಭಾರತ 2018ರ ಜೂನ್‌ನಲ್ಲಿ ಈ ಒಪ್ಪಂದವನ್ನು ಅನುಮೋದಿಸಿದ ದೇಶ. ಅಂದರೆ ಜನಸಾಮಾನ್ಯರ ಮುಂದಿರುವ ಮೂರು ಆಯ್ಕೆಗಳಲ್ಲಿ, ಅಗ್ಗವೂ ಹೌದು ಬಾಳಿಕೆಯದ್ದೂ ಹೌದು ಎನ್ನುವಂಥ ಒಂದು ಇಲ್ಲವಾಗಲಿದೆ. ಉಳಿದ ಎರಡರಲ್ಲಿ ಒಂದು ಅಗ್ಗ, ಆದರೆ ದವಡೆಯ ಒತ್ತಡಕ್ಕೆ ಬಹುಕಾಲ ನಿಲ್ಲದು. ಇನ್ನೊಂದು ಚೆಂದ, ಆದರೆ ದುಬಾರಿ. ನಡುವಿನ ವ್ಯತ್ಯಾಸದ ಹಣ ಯಾರ ಕಿಸೆಯಿಂದ ಹೋಗಬೇಕು?

ಹೆಸರಿಗೆ ಬೆಳ್ಳಿ

ಮಹಾರಾಷ್ಟ್ರದಲ್ಲಿ 'ಚಾಂದಿ ಭರಣೆ' ಎಂದೂ ಕನ್ನಡಿಗರ ಮನೆಗಳಲ್ಲಿ 'ಬೆಳ್ಳಿ ತುಂಬಿಸುವುದು' ಎಂದೂ ಕರೆಯುವ ಅಮಾಲ್ಗಂನಲ್ಲಿ ಹೆಚ್ಚಿನ ಪಾಲು ಬೆಳ್ಳಿಯಲ್ಲ. ತೂಕದಲ್ಲಿ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರಗಳ ಪುಡಿ. ಎರಡನ್ನೂ ಬೆರೆಸಿದಾಗ ಮೆತ್ತಗಿನ ಮುದ್ದೆಯಾಗುತ್ತದೆ. ಅದನ್ನು ಹುಳುಕು ತೆಗೆದ ಗುಳಿಯಲ್ಲಿ ಒತ್ತಿ ತುಂಬುತ್ತಾರೆ. ಪೂರ್ಣ ಗಟ್ಟಿಯಾಗಲು ಒಂದು ದಿನ ಬೇಕು. 'ಇವತ್ತು ಆ ಕಡೆ ಅಗಿಯಬೇಡಿ' ಎಂದು ವೈದ್ಯರು ಹೇಳುವುದು ಇದಕ್ಕಾಗಿ. ಹಿಂದೆ ಪುಟ್ಟ ಕಲ್ಲಿನಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿ ಹೆಚ್ಚುವರಿ ಪಾದರಸ ತೆಗೆಯುತ್ತಿದ್ದುದನ್ನು ಹಿರಿಯರು ಕಂಡಿರಬಹುದು.

ಇದರ ಗುಣವೆಂದರೆ ಗಟ್ಟಿತನ ಮತ್ತು ಸಹನೆ. ಬಾಯಲ್ಲಿ ಸ್ವಲ್ಪ ಜೊಲ್ಲಿನ ತೇವವಿದ್ದರೂ ನಡೆಯುತ್ತದೆ, ವೈದ್ಯರ ಕೈ ತುಸು ಆಚೀಚೆಯಾದರೂ ನಡೆಯುತ್ತದೆ. ಹತ್ತು ಹನ್ನೆರಡು ವರ್ಷ, ಕೆಲವರ ಬಾಯಲ್ಲಿ ಇನ್ನೂ ಹೆಚ್ಚು ಕಾಲ ಇರುತ್ತದೆ. ದೋಷವೂ ಇದೆ. ಅದು ಹಲ್ಲಿಗೆ ಅಂಟುವುದಿಲ್ಲ. ಬೀಳದಂತೆ ಹಿಡಿದಿಡಲು ಚೆನ್ನಾಗಿರುವ ಹಲ್ಲನ್ನೂ ಸ್ವಲ್ಪ ಕೊರೆಯಬೇಕಾಗುತ್ತದೆ. ಜೊತೆಗೆ ಬಣ್ಣ ಕಪ್ಪು.

ಅಮಾಲ್ಗಂ ಕುರಿತ ಜಗಳ ಇಂದಿನದಲ್ಲ. ಕ್ರಾಕೋರ್ ಸೋದರರು 1833ರಲ್ಲಿ ಇದನ್ನು ನ್ಯೂಯಾರ್ಕ್‌ಗೆ ತಂದು ಜೋರಾಗಿ ಪ್ರಚಾರ ಮಾಡಿದಾಗ ಅಲ್ಲಿನ ದಂತವೈದ್ಯರು ಕೆರಳಿದರು. 1840ರಲ್ಲಿ ಸ್ಥಾಪನೆಯಾದ ಅವರ ಸಂಘವು ಅಮಾಲ್ಗಂ ಬಳಸುವುದಿಲ್ಲವೆಂದು ಸದಸ್ಯರಿಂದ ಪ್ರತಿಜ್ಞೆ ಮಾಡಿಸಿಕೊಂಡಿತು. ಈ ಒಡಕಿನಲ್ಲೇ ಸಂಘ 1856ರಲ್ಲಿ ಮುಚ್ಚಿಹೋಯಿತು, ಅಮಾಲ್ಗಂ ಉಳಿಯಿತು. 1895ರಲ್ಲಿ ಜಿ. ವಿ. ಬ್ಲ್ಯಾಕ್ ಎಂಬ ವೈದ್ಯರು ಲೋಹಗಳ ಹದವನ್ನು ಸರಿಪಡಿಸಿದ ಮೇಲೆ ಅದು ಲೋಕವೆಲ್ಲ ಹಬ್ಬಿತು.

ಹಾಗಾದರೆ ಬಾಯಲ್ಲಿರುವ ಪಾದರಸದಿಂದ ಅಪಾಯವಿಲ್ಲವೇ? ಅಮೆರಿಕದಲ್ಲಿ 534 ಮಕ್ಕಳ ಮೇಲೆ, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ 507 ಮಕ್ಕಳ ಮೇಲೆ ವರ್ಷಗಟ್ಟಲೆ ನಡೆದ ಎರಡು ಅಧ್ಯಯನಗಳ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಬೆಳ್ಳಿ ತುಂಬಿಸಿಕೊಂಡ ಮಕ್ಕಳ ಬುದ್ಧಿಶಕ್ತಿ, ನರಗಳ ಕೆಲಸದಲ್ಲಿ ಇತರರಿಗಿಂತ ಕುಂದು ಕಂಡುಬರಲಿಲ್ಲ. ಆದ್ದರಿಂದ ಬಾಯಲ್ಲಿ ಭದ್ರವಾಗಿರುವ ಹಳೆಯ ಬೆಳ್ಳಿಯನ್ನು ಹೆದರಿಕೆಯಿಂದ ಕೀಳಿಸುವ ಅಗತ್ಯವಿಲ್ಲ. ಕೊರೆದು ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಹೊರಬರುತ್ತದೆ. ಒಪ್ಪಂದದ ಮುಖ್ಯ ಕಾಳಜಿ ಇರುವುದು ದವಾಖಾನೆಯ ಬೇಸಿನ್ನಿನಿಂದ ಚರಂಡಿಗೆ, ಅಲ್ಲಿಂದ ನದಿಗೆ, ನದಿಯಿಂದ ಮೀನಿಗೆ ಸೇರುವ ಪಾದರಸದ ಬಗ್ಗೆ. ಜಪಾನಿನ ಮಿನಮಾಟಾ ಕೊಲ್ಲಿಯಲ್ಲಿ ಕಾರ್ಖಾನೆಯ ಪಾದರಸ ಮೀನಿನ ಮೂಲಕ ಜನರ ನರಗಳನ್ನು ಹಾಳುಮಾಡಿದ ಸಂಗತಿ 1956ರಲ್ಲಿ ಬೆಳಕಿಗೆ ಬಂತು. ಒಪ್ಪಂದಕ್ಕೆ ಆ ಊರಿನ ಹೆಸರೇ ಇದೆ. ಆದರೂ ಮುನ್ನೆಚ್ಚರಿಕೆಯಾಗಿ 15 ವರ್ಷದೊಳಗಿನವರಿಗೆ, ಹಾಲುಹಲ್ಲಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಬೆಳ್ಳಿ ಬೇಡವೆಂದು 2022ರಲ್ಲೇ ಸದಸ್ಯ ರಾಷ್ಟ್ರಗಳು ಒಪ್ಪಿದ್ದವು. ವೈದ್ಯರಿಗೆ ಅನಿವಾರ್ಯವೆನಿಸಿದಾಗ ಮಾತ್ರ ವಿನಾಯಿತಿ. ಯುರೋಪಿಯನ್ ಒಕ್ಕೂಟ 2025ರ ಜನವರಿ 1ರಿಂದ ಇದರ ಬಳಕೆಯನ್ನೇ ನಿಲ್ಲಿಸಿತು.

ಸಿಮೆಂಟ್ ಮತ್ತು ಬಿಳಿ

ಜನ 'ಸಿಮೆಂಟ್' ಎನ್ನುವುದು ಗ್ಲಾಸ್ ಅಯೊನೊಮರ್ ಎಂಬ ವಸ್ತುವನ್ನು. ಲಂಡನ್ನಿನ ಸರಕಾರಿ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ ರೂಪಿಸಿದ ಇದು 1972ರಲ್ಲಿ ಲೋಕಕ್ಕೆ ಪರಿಚಯವಾಯಿತು. ಹಲ್ಲಿಗೆ ತಾನಾಗಿ ಅಂಟಿಕೊಳ್ಳುವುದು ಮತ್ತು ಹುಳುಕು ತಡೆಯುವ ಫ್ಲೋರೈಡನ್ನು ಸ್ವಲ್ಪಸ್ವಲ್ಪವಾಗಿ ಬಿಡುವುದು ಇದರ ವಿಶೇಷ. ಕೊರೆಯುವ ಯಂತ್ರವಿಲ್ಲದೆ, ಕರೆಂಟ್ ಇಲ್ಲದ ಹಳ್ಳಿಯಲ್ಲೂ ಬರೀ ಕೈ ಉಪಕರಣದಿಂದ ಹುಳುಕು ಕೆರೆದು ಸಿಮೆಂಟ್ ತುಂಬುವ ಪದ್ಧತಿ 1980ರ ದಶಕದಲ್ಲಿ ಆಫ್ರಿಕಾದ ತಾಂಜಾನಿಯಾದಲ್ಲಿ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಸಿಮೆಂಟನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮಹಾರಾಷ್ಟ್ರದವರಿಗೆ ಇದರ ಇನ್ನೊಂದು ಉಪಯೋಗವಿದೆ. ಮಿಶ್ರಿ ಹಾಕಿ ಹಲ್ಲುಜ್ಜುವ ಅಭ್ಯಾಸದಿಂದ, ಒರಟು ಬ್ರಶ್ಶಿನಿಂದ ಒಸಡಿನ ಬಳಿ ಹಲ್ಲು ಸವೆದು ಕಚ್ಚು ಬೀಳುತ್ತದೆ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಅಂಥ ಕಡೆ ಅಗಿಯುವ ಒತ್ತಡ ಕಡಿಮೆ, ಸಿಮೆಂಟ್ ಚೆನ್ನಾಗಿ ಕೂರುತ್ತದೆ. ಆದರೆ ಎರಡು ಹಲ್ಲುಗಳ ಸಂದಿನಿಂದ ಹಿಡಿದು ಮೇಲಿನವರೆಗೆ ಹರಡಿದ ದೊಡ್ಡ ಹುಳುಕಿಗೆ, ಅದೂ ದವಡೆ ಹಲ್ಲಿಗೆ, ಸಾಧಾರಣ ಸಿಮೆಂಟ್ ಹಾಕಿದರೆ ಒಡೆಯುವುದು, ಸವೆಯುವುದು ಬೇಗ. 'ಡಾಕ್ಟರು ಹಾಕಿದ್ದು ಎರಡೇ ವರ್ಷದಲ್ಲಿ ಹೋಯಿತು' ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ವೈದ್ಯರ ತಪ್ಪಲ್ಲ, ಅಗ್ಗದ್ದೇ ಬೇಕೆಂದ ಹಟ.

ಇನ್ನು ಬಿಳಿಯದು, ಅಂದರೆ ಕಾಂಪೋಸಿಟ್. ಅಮೆರಿಕದ ರಾಫೆಲ್ ಬೊವೆನ್ ಇದರ ಮೂಲ ರಾಳಕ್ಕೆ 1962ರಲ್ಲಿ ಪೇಟೆಂಟ್ ಪಡೆದರು. ಹಲ್ಲಿನ ಬಣ್ಣಕ್ಕೆ ಹೊಂದುವ ಈ ವಸ್ತುವನ್ನು ಪದರ ಪದರವಾಗಿ ಹಾಕಿ ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಅಂಟಿನಿಂದ ನಿಲ್ಲುವುದರಿಂದ ಒಳ್ಳೆಯ ಹಲ್ಲನ್ನು ಹೆಚ್ಚು ಕೊರೆಯಬೇಕಿಲ್ಲ. ಆದರೆ ಅಂಟಿಸುವ ಹೊತ್ತಿನಲ್ಲಿ ಹಲ್ಲು ಪೂರ್ತಿ ಒಣಗಿರಬೇಕು. ಹಾಗಾಗಿ ಸಮಯ ಹೆಚ್ಚು, ಸಾಮಗ್ರಿ ದುಬಾರಿ, ವೈದ್ಯರ ತಾಳ್ಮೆಯೂ ಬೇಕು. ಅವಸರದಲ್ಲಿ ಮಾಡಿದ ಬಿಳಿ ತುಂಬುವಿಕೆಯ ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯುತ್ತದೆ. ಲಿಸ್ಬನ್ನಿನ ಅದೇ ಮಕ್ಕಳಲ್ಲಿ ಏಳು ವರ್ಷಗಳ ನಂತರ ಎಣಿಸಿದಾಗ ಬೆಳ್ಳಿ ಶೇ. 94.4 ಉಳಿದಿತ್ತು, ಬಿಳಿ ಶೇ. 85.5. ಅಂದಿನಿಂದ ಅಂಟು, ರಾಳ ಎರಡೂ ಸುಧಾರಿಸಿವೆ. ಹಾಗೆಂದು 'ದುಬಾರಿ ಎಂದ ಮೇಲೆ ಹೆಚ್ಚು ಬಾಳಲೇಬೇಕು' ಎಂಬ ನಂಬಿಕೆ ಇಲ್ಲಿ ಹಾಗೆಯೇ ನಡೆಯುವುದಿಲ್ಲ.

ಎಷ್ಟು ಕೊಡಲು ಸಿದ್ಧ?

ಅರ್ಥಶಾಸ್ತ್ರದಲ್ಲಿ 'ಹಣ ತೆರುವ ಇಚ್ಛೆ' ಎಂಬ ಒಂದು ಅಳತೆಯಿದೆ. ಒಂದು ವಸ್ತುವಿಗೆ ಇಂತಿಷ್ಟು ಬೆಲೆಯಾದರೆ ಕೊಳ್ಳುತ್ತೀರಾ, ಅದಕ್ಕಿಂತ ಹೆಚ್ಚಾದರೆ ಕೊಳ್ಳುತ್ತೀರಾ ಎಂದು ಜನರನ್ನು ಕೇಳುತ್ತ ಹೋಗಿ, ಎಲ್ಲಿ 'ಬೇಡ' ಎನ್ನುತ್ತಾರೋ ಅಲ್ಲಿಗೆ ಗೆರೆ ಎಳೆಯುವುದು. ಹಲ್ಲು ತುಂಬಿಸುವ ವಿಷಯದಲ್ಲಿ ಬಣ್ಣ, ಬಾಳಿಕೆ, ಕುರ್ಚಿಯಲ್ಲಿ ಕೂರುವ ಸಮಯ, ಬೆಲೆ ಇವುಗಳನ್ನು ಬೇರೆ ಬೇರೆಯಾಗಿ ಜೋಡಿಸಿ 'ಇದೋ ಅದೋ' ಎಂದು ಕೇಳುವ ಕ್ರಮವೂ ಇದೆ. ಈ ಅಳತೆಯ ಕೊರತೆಯನ್ನು ತಜ್ಞರೇ ಒಪ್ಪುತ್ತಾರೆ. ಬಾಯಿಮಾತಿನಲ್ಲಿ ಹೇಳುವ ಮೊತ್ತ ದೊಡ್ಡದು, ಕಿಸೆಯಿಂದ ತೆಗೆಯುವ ಮೊತ್ತ ಚಿಕ್ಕದು. ಆದಾಯ ಹೆಚ್ಚಿದ್ದವರು ಹೆಚ್ಚು ಹೇಳುತ್ತಾರೆ. ಅದರಿಂದ ಅವರಿಗೆ ಹಲ್ಲಿನ ಮೇಲೆ ಪ್ರೀತಿ ಹೆಚ್ಚೆಂದು ತಿಳಿಯಬಾರದು. ಇಚ್ಛೆ ಬೇರೆ, ಶಕ್ತಿ ಬೇರೆ.

ಒಂದು ಲೆಕ್ಕ ನೋಡಬಹುದು. ಇವು ಯಾವ ದವಾಖಾನೆಯ ದರವೂ ಅಲ್ಲ, ಕೂಡಿ ಕಳೆಯಲು ಇಟ್ಟುಕೊಂಡ ಅಂಕಿಗಳು ಮಾತ್ರ. ದವಡೆ ಹಲ್ಲಿಗೆ ಸಿಮೆಂಟ್ 600 ರೂ., ಬಾಳಿಕೆ 3 ವರ್ಷ. ಬಿಳಿಯದು 1,600 ರೂ., ಬಾಳಿಕೆ 8 ವರ್ಷ. ಬೆಳ್ಳಿ 700 ರೂ., ಬಾಳಿಕೆ 12 ವರ್ಷ. ಬಂಡವಾಳವನ್ನು ವರ್ಷಗಳಿಗೆ ಹಂಚಿ ಸವಕಳಿ ತೆಗೆದರೆ ಸಿಮೆಂಟಿಗೆ ವರ್ಷಕ್ಕೆ 200 ರೂ., ಬಿಳಿಯದಕ್ಕೂ ವರ್ಷಕ್ಕೆ 200 ರೂ.! ಬೆಳ್ಳಿಗೆ 60 ರೂಪಾಯಿಯೂ ಇಲ್ಲ. ಮೇಲ್ನೋಟಕ್ಕೆ ಸಾವಿರ ರೂಪಾಯಿ ಅಗ್ಗವಾಗಿ ಕಂಡದ್ದು ನಿಜವಾಗಿ ಅಗ್ಗವಲ್ಲ. ಅದರ ಮೇಲೆ ಸಿಮೆಂಟ್ ಹಾಕಿಸಿಕೊಂಡವರು 12 ವರ್ಷದಲ್ಲಿ ನಾಲ್ಕು ಸಲ ಕುರ್ಚಿ ಹತ್ತಬೇಕು. ಪ್ರತಿ ಸಲ ಹಳೆಯದನ್ನು ತೆಗೆದಾಗ ಗುಳಿ ಸ್ವಲ್ಪ ದೊಡ್ಡದಾಗುತ್ತದೆ. ನಾಲ್ಕನೆಯ ಸಲಕ್ಕೆ ತುಂಬಲು ಹಲ್ಲೇ ಸಾಕಷ್ಟು ಉಳಿಯದೆ ರೂಟ್ ಕೆನಾಲ್, ಅದರ ಮೇಲೆ ಕ್ಯಾಪ್ ಎಂದು ಖರ್ಚು ಹಲವು ಪಟ್ಟು ಬೆಳೆಯಬಹುದು.

ಆದರೆ ಈ ಲೆಕ್ಕ ಗೊತ್ತಿದ್ದೂ ಸಿಮೆಂಟನ್ನೇ ಆರಿಸುವವರಿದ್ದಾರೆ. ಹೋಟೆಲಿನಲ್ಲಿ ಸಪ್ಲೈ ಮಾಡುವ ಹುಡುಗನ ಕೈಯಲ್ಲಿ ಇಂದು ಇರುವುದು 600 ರೂ. ಮಾತ್ರವಾದರೆ ಎಂಟು ವರ್ಷದ ಸರಾಸರಿ ಅವನಿಗೆ ಉಪಯೋಗವಿಲ್ಲ. ಅವನು ಹೆಚ್ಚು ತೆರುವುದು ಕಂತಿನಲ್ಲಿ, ಬಡ್ಡಿಯ ಹೆಸರಿಲ್ಲದ ಬಡ್ಡಿಯಂತೆ. ಇದಕ್ಕೆ ಬಸ್ಸಿನ ಖರ್ಚು, ಒಂದು ಪಾಳಿಯ ಸಂಬಳವನ್ನೂ ಸೇರಿಸಬೇಕು. ಮೆಡಿಕ್ಲೈಮ್ ಇದ್ದವರೂ ಹಿಗ್ಗುವಂತಿಲ್ಲ. ಅಪಘಾತದಿಂದಾದ ಪೆಟ್ಟಿನ ಹೊರತು ಹಲ್ಲು ತುಂಬಿಸುವ ಖರ್ಚನ್ನು ಸಾಮಾನ್ಯ ಪಾಲಿಸಿಗಳು ಭರಿಸುವುದಿಲ್ಲ.

ಮನೆಯೊಳಗಿನ ಸರದಿಯೂ ಗಮನಿಸತಕ್ಕದ್ದು. ಮಗಳ ಮುಂದಿನ ಹಲ್ಲಿಗೆ, ಅದರಲ್ಲೂ ಮದುವೆ ಮಾತುಕತೆ ನಡೆದಿದ್ದರೆ, ಎಷ್ಟಾದರೂ ಸರಿ ಬಿಳಿಯದೇ ಆಗಬೇಕು. ಯಜಮಾನರದು ಆಫೀಸಿನ ರಜೆ ನೋಡಿಕೊಂಡು. ಅಮ್ಮನ ದವಡೆ ಹಲ್ಲು ಕೊನೆಗೆ. 'ನನ್ನದೇನು ಅವಸರ, ಇನ್ನೊಂದು ಕಡೆ ಅಗಿಯುತ್ತೇನಲ್ಲ' ಎಂದು ಆಕೆಯೇ ಹೇಳುತ್ತಾರೆ. ಹೀಗೆ ಮುಂದೂಡಿದ ಹಲ್ಲು ತುಂಬಿಸುವ ಹಂತ ದಾಟಿ ಕೀಳಿಸುವ ಹಂತಕ್ಕೆ ಬರುತ್ತದೆ. ಅಲ್ಲಿ ಬೆಳ್ಳಿ, ಸಿಮೆಂಟ್, ಬಿಳಿ ಎಂಬ ಪ್ರಶ್ನೆಯೇ ಇರುವುದಿಲ್ಲ.

ಎಲ್ಲಿ ತೋರಿಸುವುದು?

ದಂತವೈದ್ಯಕೀಯ ಶಿಕ್ಷಣದ ದೃಷ್ಟಿಯಿಂದ ಈ ಎರಡು ನಗರಗಳು ಹಿಂದುಳಿದಿಲ್ಲ. 1998ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರ ನಾಸಿಕ್. ಪಂಚವಟಿಯಲ್ಲಿ ಕರ್ಮವೀರ ಭಾವುಸಾಹೇಬ್ ಹಿರೇ ದಂತ ಕಾಲೇಜಿದೆ. ಸಂಭಾಜಿನಗರದಲ್ಲಿ ಸರಕಾರಿ ದಂತ ಕಾಲೇಜು ಮತ್ತು ಆಸ್ಪತ್ರೆ, ಕಾಂಚನವಾಡಿಯಲ್ಲಿ ಸಿಎಸ್‌ಎಂಎಸ್‌ಎಸ್ ದಂತ ಕಾಲೇಜು ಇವೆ. ಕಾಲೇಜುಗಳಲ್ಲಿ ತುಂಬುವವರು ವಿದ್ಯಾರ್ಥಿಗಳು, ಮೇಲ್ವಿಚಾರಣೆ ಅಧ್ಯಾಪಕರದು. ಖರ್ಚು ಖಾಸಗಿಯವರಿಗಿಂತ ಬಹಳ ಕಡಿಮೆ. ಕೇಸ್ ಪೇಪರ್ ಮಾಡಿಸಿ ಸರದಿಯಲ್ಲಿ ಕಾಯಬೇಕು, ಒಂದೊಂದು ಹಂತವನ್ನೂ ಅಧ್ಯಾಪಕರು ನೋಡಿ ಒಪ್ಪಬೇಕು. ಅರ್ಧ ದಿನ ಹೋಗುತ್ತದೆ. ಆದರೆ ಬಿಳಿಯ ತುಂಬುವಿಕೆಗೆ ಬೇಕಾದದ್ದು ನಿಧಾನವೇ ಆದ್ದರಿಂದ 'ಕಲಿಯುವವರ ಕೈಗೆ ಹಲ್ಲು ಕೊಡುವುದೇ?' ಎಂಬ ಅಂಜಿಕೆಗೆ ಅಷ್ಟೇನೂ ಆಧಾರವಿಲ್ಲ. ನಿವೃತ್ತರಿಗೆ, ಗೃಹಿಣಿಯರಿಗೆ, ರಜೆಯಲ್ಲಿರುವ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ದಾರಿ. ದಿನಗೂಲಿಯವರಿಗೆ ಅರ್ಧ ದಿನವೇ ದೊಡ್ಡ ಬೆಲೆ.

ಹೊರನಾಡ ಕನ್ನಡಿಗರಲ್ಲಿ ಮತ್ತೊಂದು ರೂಢಿಯಿದೆ. 'ಇರಲಿ ಬಿಡಿ, ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇವಲ್ಲ, ಅಲ್ಲೇ ತೋರಿಸೋಣ.' ಕರಾವಳಿಯವರಿಗೆ 1965ರಿಂದ ಇರುವ ಮಣಿಪಾಲದ ದಂತ ಕಾಲೇಜು, ದೇರಳಕಟ್ಟೆಯ ಎ. ಬಿ. ಶೆಟ್ಟಿ ಕಾಲೇಜು ಪರಿಚಿತ. ದಾವಣಗೆರೆ, ಧಾರವಾಡ ಕಡೆಯವರಿಗೂ ಅಲ್ಲಲ್ಲಿ ಕಾಲೇಜುಗಳಿವೆ. ವೈದ್ಯರೊಡನೆ ಕನ್ನಡದಲ್ಲೋ ತುಳುವಿನಲ್ಲೋ ನೋವು ಹೇಳಿಕೊಳ್ಳುವ ಸಮಾಧಾನವೂ ಇದೆಯೆನ್ನಿ. ತೊಂದರೆ ಎರಡು. ಡಿಸೆಂಬರ್‌ನಲ್ಲಿ ಕಂಡ ಸಣ್ಣ ಕಪ್ಪು ಚುಕ್ಕೆ ಮೇ ವೇಳೆಗೆ ನರದ ಹತ್ತಿರ ಇಳಿದಿರಬಹುದು. ಎರಡನೆಯದಾಗಿ, ತುಂಬಿಸಿದ್ದು ಕೂದಲೆಳೆಯಷ್ಟು ಎತ್ತರವಾದರೂ ಕಚ್ಚುವಾಗ ಆ ಹಲ್ಲೇ ಮೊದಲು ತಾಗಿ ನೋವು ಹಿಡಿಯುತ್ತದೆ. ವೈದ್ಯರು ಉಜ್ಜಿ ಸರಿಪಡಿಸಲು ಐದು ನಿಮಿಷ ಸಾಕು. ಆದರೆ ಅಷ್ಟು ಹೊತ್ತಿಗೆ ರೈಲು ಮನಮಾಡ್ ದಾಟಿರುತ್ತದೆ. ಊರಲ್ಲೇ ತುಂಬಿಸುವುದಾದರೆ ರಜೆಯ ಕೊನೆಯ ಎರಡು ದಿನಕ್ಕೆ ಇಡದೆ ಮೊದಲ ವಾರದಲ್ಲೇ ಮುಗಿಸುವುದು ಲೇಸು.

ಇನ್ನು ಸಂಘಗಳ ಶಿಬಿರದ ಮಾತು. ಕುರ್ಚಿ, ಟಾರ್ಚು, ಪುಟ್ಟ ಕನ್ನಡಿ ಇಟ್ಟುಕೊಂಡು ಒಂದು ಬೆಳಿಗ್ಗೆ ನೂರಾರು ಬಾಯಿ ನೋಡಿ 'ಎರಡು ಹಲ್ಲು ಹುಳುಕಿದೆ, ತುಂಬಿಸಿಕೊಳ್ಳಿ' ಎಂದು ಚೀಟಿ ಬರೆದುಕೊಟ್ಟರೆ ಕೆಲಸದ ಹತ್ತರಲ್ಲೊಂದು ಪಾಲು ಆದಂತೆ. ಚೀಟಿ ಪಡೆದವರಲ್ಲಿ ಎಷ್ಟು ಮಂದಿ ತುಂಬಿಸಿಕೊಂಡರು ಎಂದು ಮೂರು ತಿಂಗಳ ನಂತರ ಫೋನ್ ಮಾಡಿ ಕೇಳುವ ಸಂಘಗಳಿದ್ದರೆ ಅವು ಅಭಿನಂದನಾರ್ಹ. ಶಾಲು, ಹಾರ, ನೆನಪಿನ ಕಾಣಿಕೆಗಳ ಖರ್ಚಿನಲ್ಲಿ ಒಂದು ಭಾಗವನ್ನು ತೆಗೆದಿಟ್ಟರೆ, 600 ರೂ. ಇದ್ದವರಿಗೆ ಉಳಿದ ಸಾವಿರವನ್ನು ಬಡ್ಡಿಯಿಲ್ಲದೆ ಕೊಟ್ಟು ತಿಂಗಳಿಗೆ ನೂರರಂತೆ ಹಿಂಪಡೆಯಬಹುದು. ದಾನವೆಂದರೆ ಮುಜುಗರಪಡುವವರೂ ಕೈಗಡವೆಂದರೆ ಒಪ್ಪುತ್ತಾರೆ. ಸದಸ್ಯರಲ್ಲೇ ದಂತವೈದ್ಯರಿದ್ದರೆ ದರದ ಮಾತನ್ನು ಮೊದಲೇ ಆಡಿಕೊಂಡು ಶಿಬಿರದ ದಿನವೇ ಫಲಕದಲ್ಲಿ ಬರೆದು ಹಾಕುವುದು ಒಳ್ಳೆಯದು. ಎಷ್ಟು ಹೇಳುತ್ತಾರೋ ಎಂಬ ಹೆದರಿಕೆಯಿಂದಲೇ ಮೆಟ್ಟಿಲು ಹತ್ತದವರು ಬಹಳ.

ಕುರ್ಚಿಯಲ್ಲಿ ಕುಳಿತಾಗ ಬೆಲೆಯ ಜೊತೆಗೆ ಕೇಳಬೇಕಾದವು ಇವು: ಹುಳುಕು ಎಷ್ಟು ಆಳ, ಅಗಿಯುವ ಜಾಗವೋ ಪಕ್ಕದ್ದೋ, ಈ ಜಾಗದಲ್ಲಿ ಇದು ಎಷ್ಟು ವರ್ಷ ನಿಂತೀತು, ಬಿದ್ದರೆ ಮುಂದೇನು. ಯಾವ ವಸ್ತು ತುಂಬಿದ್ದೆಂದು ಕಾಗದದಲ್ಲಿ ಬರೆಸಿಕೊಂಡರೆ ಊರು ಬದಲಾದಾಗ, ವೈದ್ಯರು ಬದಲಾದಾಗ ಅನುಕೂಲ. ವರ್ಗಾವಣೆಯ ನೌಕರಿಯವರಿಗಂತೂ ಇದು ಅವಶ್ಯ.

ಮಕ್ಕಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ದೊಡ್ಡ ದವಡೆ ಹಲ್ಲೊಂದು ಬರುತ್ತದೆ. ಅದು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ತಂದೆತಾಯಿ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಹುಳುಕಾದರೆ 'ಹೇಗೂ ಬೀಳುವ ಹಲ್ಲು, ಅದಕ್ಕೇಕೆ ದುಡ್ಡು ಸುರಿಯುವುದು' ಎನ್ನುತ್ತಾರೆ. ಅವರು ಕೊಡಲು ಸಿದ್ಧವಿರುವ ಮೊತ್ತ ಅಲ್ಲಿಗೆ ಸೊನ್ನೆ. ಆ ಹಲ್ಲು ಬೀಳುವುದಿಲ್ಲ. ಅದು ಶಾಶ್ವತ ಹಲ್ಲು, ಜೀವಮಾನವಿಡೀ ಅಗಿಯಲು ಇರುವ ಮುಖ್ಯ ಹಲ್ಲು, ಹೋದರೆ ಆ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಹುಳುಕು ಹಿಡಿಯುವ ಮೊದಲೇ ಅದರ ಮೇಲಿನ ಗೆರೆಗಳಿಗೆ ಸೀಲೆಂಟ್ ಎಂಬ ತೆಳು ಲೇಪ ಹಾಕಿಸಬಹುದು. ಅದಕ್ಕೆ ಕೊರೆಯುವುದಿಲ್ಲ, ಸೂಜಿಯಿಲ್ಲ, ಖರ್ಚು ತುಂಬಿಸುವುದಕ್ಕಿಂತ ಕಡಿಮೆ. ಮುಂದಿನ ಶಿಬಿರಕ್ಕೆ ಒಂದನೇ, ಎರಡನೇ ತರಗತಿಯ ಮಕ್ಕಳನ್ನು ಕರೆತಂದವರು ಇದೊಂದನ್ನು ವೈದ್ಯರಲ್ಲಿ ತಪ್ಪದೆ ವಿಚಾರಿಸಬಹುದು.